ಜೇಬಿಗೆ ತಳವೂ ಬೇಕು, ಬಾಯಿಯೂ ಬೇಕು

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ರಂಪ ನಡೆಯಿತು. ಮೂರನೇ ತರಗತಿಯ ಮೊಮ್ಮಗಳಿಗೆ ಅವರಪ್ಪ ಹೊಸ ಜೀನ್ಸ್ ಪ್ಯಾಂಟು ತಂದಿದ್ದ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತವಳು, ಸಿನಿಮಾದ ಹೀರೋ ಹಾಗೆ ಎರಡೂ ಕೈಗಳನ್ನು ಜೇಬಿಗೆ ಇಳಿಸಲು ಹೋದಳು. ಬೆರಳ ತುದಿಯೂ ಒಳಗೆ ಹೋಗಲಿಲ್ಲ. ಜೇಬಿನ ಗೆರೆ ಇದೆ, ಅಂಚಿಗೆ ಎರಡೆರಡು ಸಾಲು ಹೊಲಿಗೆ ಇದೆ, ಮೂಲೆಯಲ್ಲಿ ತಾಮ್ರದ ಬಣ್ಣದ ರಿವೆಟ್ ಕೂಡ ಇದೆ. ಜೇಬು ಮಾತ್ರ ಇಲ್ಲ!

“ತಾತ, ಅಣ್ಣನ ಪ್ಯಾಂಟಿಗೆ ಐದು ಜೇಬಿದೆ. ಎಲ್ಲಾ ನಿಜವಾದವು. ನಂದು ಸುಳ್ಳು ಜೇಬು. ಯಾಕೆ?” ಎಂದು ನನ್ನ ಮುಂದೆ ಬಂದು ನಿಂತಳು.

36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಊರಿನವರ ಜೇಬಿನಿಂದ ಬಂದ ದುಡ್ಡನ್ನು ಎಣಿಸಿ ಎಣಿಸಿ ಬೆರಳು ಸವೆಸಿಕೊಂಡವನು ನಾನು. ಆದರೂ ತಕ್ಷಣ ಉತ್ತರ ಹೊಳೆಯಲಿಲ್ಲ. “ಸಂಜೆ ಹೇಳ್ತೀನಿ ಪುಟ್ಟಿ” ಎಂದು ಜಾರಿಕೊಂಡೆ. ಆ ಸಂಜೆಯ ಹೊತ್ತಿಗೆ ಹೊಳೆದದ್ದನ್ನೇ ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಮಾತಿನಿಂದಲೇ ಶುರು ಮಾಡೋಣ. ಇಂಗ್ಲಿಷಿನ ‘ಪಾಕೆಟ್’ ಹುಟ್ಟಿದ್ದು ‘ಪೋಕ್’ ಎಂಬ ಹಳೆಯ ಮಾತಿನಿಂದ. ಪೋಕ್ ಎಂದರೆ ಚೀಲ, ಪಾಕೆಟ್ ಎಂದರೆ ಪುಟ್ಟ ಚೀಲ. ಕಾಂಗರೂ ಮರಿ ಕೂರುವ ‘ಪೌಚ್’ ಕೂಡ ಇದೇ ಬಳಗದ್ದು. 17-18ನೇ ಶತಮಾನದ ಇಂಗ್ಲೆಂಡಿನ ಹೆಂಗಸರಿಗೆ ಪಾಕೆಟ್ ಎಂದರೆ ಬಟ್ಟೆಗೆ ಹೊಲಿದದ್ದಲ್ಲ. ಲಾಡಿ ಹಾಕಿ ಸೊಂಟಕ್ಕೆ ಕಟ್ಟಿಕೊಂಡು, ಮೇಲೆ ಲಂಗ ಉಡುತ್ತಿದ್ದ ಬಿಡಿ ಚೀಲ. ನಿಮ್ಮ ಇಂಗ್ಲಿಷ್ ಶಿಶುಗೀತೆಗಳ ಪುಸ್ತಕದಲ್ಲಿ ಲೂಸಿ ಲಾಕೆಟ್ ಎಂಬ ಹುಡುಗಿ ತನ್ನ ಪಾಕೆಟನ್ನೇ ಕಳೆದುಕೊಳ್ಳುತ್ತಾಳಲ್ಲ, ಅದು ಹೇಗೆ ಎಂದು ನಾನೂ ಚಿಕ್ಕಂದಿನಲ್ಲಿ ತಲೆ ಕೆರೆದುಕೊಂಡಿದ್ದೆ. ಲಾಡಿ ಬಿಚ್ಚಿಹೋದರೆ ಪಾಕೆಟ್ ಬಿದ್ದೇ ಹೋಗುತ್ತದೆ!

ನಮ್ಮ ‘ಜೇಬು’ ಅರಬ್ಬಿಯಿಂದ ಹೊರಟು ಪಾರಸಿ, ಹಿಂದೂಸ್ತಾನಿಗಳ ಮೂಲಕ ಬಂದದ್ದು. ಅರಬ್ಬಿಯಲ್ಲಿ ‘ಜೈಬ್’ ಎಂದರೆ ಅಂಗಿಯ ಎದೆಯ ಸೀಳು, ಮಡಿಕೆ. ಈ ಮಾತಿನ ಹಿಂದೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದು ತಮಾಷೆ ಕಾದಿದೆ. ತ್ರಿಕೋನಮಿತಿಯಲ್ಲಿ ನೀವು ‘ಸೈನ್ ತೀಟಾ’ ಎಂದು ಬರೆಯುತ್ತೀರಲ್ಲ, ಅದಕ್ಕೆ ನಮ್ಮ ಆರ್ಯಭಟ ‘ಜ್ಯಾ’ ಎಂದಿದ್ದ. ಜ್ಯಾ ಎಂದರೆ ಬಿಲ್ಲಿನ ಹೆದೆ. ಅದಕ್ಕೆ ‘ಜೀವಾ’ ಎಂದೂ ಹೆಸರು. ಅರಬ್ ಗಣಿತಜ್ಞರು ಅದನ್ನು ‘ಜೀಬ’ ಎಂದು ಎತ್ತಿಕೊಂಡರು. ಅರಬ್ಬಿ ಬರವಣಿಗೆಯಲ್ಲಿ ಸ್ವರಗಳನ್ನು ಬಿಟ್ಟು ಬರೆಯುವುದುಂಟು. ಹಾಗಾಗಿ ಮುಂದಿನವರು ಅದನ್ನು ‘ಜೈಬ್’ ಎಂದು ಓದಿದರು. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಿಸಿದವರು ಇದು ಬಟ್ಟೆಯ ಮಡಿಕೆ ಎಂದುಕೊಂಡು ‘ಸೈನಸ್’ ಎಂದು ಬರೆದರು. ಅದೇ ಇಂದಿನ ಸೈನ್. ಅಂದರೆ ನಿಮ್ಮ ಅಂಗಿಯ ಜೇಬೂ ಗಣಿತ ಪುಸ್ತಕದ ಸೈನೂ ಒಂದು ಲೆಕ್ಕದಲ್ಲಿ ನೆಂಟರು.

ಉತ್ತರ ಕರ್ನಾಟಕದವರ, ಕರಾವಳಿಯವರ ಬಾಯಲ್ಲಿ ‘ಕಿಸೆ’ ಬರುತ್ತದೆ. ಅದೂ ಹೊರಗಿನಿಂದ ಬಂದ ಮಾತೇ, ಮೂಲದಲ್ಲಿ ಹಣದ ಚೀಲ ಎಂದರ್ಥ. ‘ಬೊಕ್ಕಣ’ ಎಂಬ ಹಳೆಯ ಮಾತೂ ಇದೆ, ಅದೂ ಚೀಲವೇ.

ಹಾಗಾದರೆ ಬಟ್ಟೆಗೆ ಹೊಲಿದ ಜೇಬು ಬರುವ ಮೊದಲು ನಮ್ಮವರು ದುಡ್ಡನ್ನು ಎಲ್ಲಿಡುತ್ತಿದ್ದರು? ಪಂಚೆಗೂ ಸೀರೆಗೂ ಹೊಲಿಗೆಯೇ ಇಲ್ಲ, ಇನ್ನು ಜೇಬೆಲ್ಲಿ! ಗಂಡಸರು ಪಂಚೆಯನ್ನು ಸೊಂಟದಲ್ಲಿ ಸುತ್ತಿ ಮಡಿಚಿ ಅದರೊಳಗೆ ಸಿಕ್ಕಿಸುತ್ತಿದ್ದರು. ಹೆಂಗಸರು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ನಮ್ಮಮ್ಮನ ಸೆರಗಿನ ಗಂಟು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜಾತ್ರೆಯಲ್ಲಿ ಬತ್ತಾಸು ಬೇಕೆಂದು ಹಟ ಹಿಡಿದರೆ, ಗಂಟನ್ನು ಹಲ್ಲಿನಿಂದ ಕಚ್ಚಿ ಸಡಿಲಿಸಿ ಹತ್ತು ಪೈಸೆ ತೆಗೆದುಕೊಡುತ್ತಿದ್ದಳು. ಬಿಚ್ಚಲು ಅಷ್ಟು ಹೊತ್ತು ಹಿಡಿಯುತ್ತಿದ್ದುದರಿಂದಲೇ ಅರ್ಧ ದುಡ್ಡು ಉಳಿಯುತ್ತಿತ್ತು ಎಂದು ಆಮೇಲೆ ನನಗೆ ಅನ್ನಿಸಿದೆ.

ಆ ಗಂಟು ನಮ್ಮ ಮಾತಿನಲ್ಲಿ ಇನ್ನೂ ಬಿಚ್ಚದೆ ಉಳಿದಿದೆ. “ಕೈಗಂಟು ಕರಗಿತು” ಎನ್ನುತ್ತೇವೆ. “ಗಂಟು ಮಾಡಿಟ್ಟಿದ್ದಾನೆ” ಎನ್ನುತ್ತೇವೆ. “ನಿಮ್ಮಪ್ಪನ ಗಂಟೇನು ಹೋಗುತ್ತೆ?” ಎಂದು ಜಗಳ ಆಡುತ್ತೇವೆ. ಜೇಬುಗಳ್ಳನಿಗೆ ಸಂಸ್ಕೃತದಲ್ಲಿ ‘ಗ್ರಂಥಿಭೇದಕ’ ಎಂಬ ಹೆಸರಿದೆ. ಗಂಟು ಕತ್ತರಿಸುವವನು ಎಂದರ್ಥ. ಹಿಂದಿಯ ‘ಗಿರಹ್‌ಕಟ್’ ಕೂಡ ಅದೇ. ಬಟ್ಟೆ ಬದಲಾದಂತೆ ಕಳ್ಳನೂ ಕಸುಬು ಬದಲಾಯಿಸಿದ. ಗಂಟು ಕತ್ತರಿಸುವುದನ್ನು ಬಿಟ್ಟು ಜೇಬಿಗೆ ಬೆರಳು ಹಾಕುವುದನ್ನು ಕಲಿತ.

ಇನ್ನೊಂದು ಸೊಗಸು ನೋಡಿ. ಇಂಗ್ಲಿಷಿನವರು ಪಾಕೆಟ್ ಎನ್ನುವ ಕಡೆಯಲ್ಲಿ ಕನ್ನಡಿಗರು ಬಹಳ ಸಲ ಕೈ ಎನ್ನುತ್ತಾರೆ. ಪಾಕೆಟ್ ಮನಿಗೆ ನಮ್ಮದು ಕೈಖರ್ಚು. ಕಾಸಿಲ್ಲದಿದ್ದರೆ ಕೈ ಖಾಲಿ. ತಿಂಗಳ ಕೊನೆಯಲ್ಲಿ ಕೈ ಬಿಗಿ. ನಷ್ಟವಾದರೆ “ನಾನೇ ಕೈಯಿಂದ ಹಾಕಿದೆ.” ಈ ಕೊನೆಯ ಮಾತಿನ ಬಿಸಿ ಕ್ಯಾಷ್ ಕೌಂಟರಿನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಸಂಜೆ ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಕ್ಯಾಷಿಯರ್ ಕೈಯಿಂದಲೇ ಕಟ್ಟಬೇಕು. 1981ರಲ್ಲಿ ನೂರರ ನೋಟುಗಳನ್ನು ಅವಸರದಲ್ಲಿ ತಪ್ಪಾಗಿ ಎಣಿಸಿಕೊಟ್ಟು ನಾನು 300 ರೂಪಾಯಿ ಕಟ್ಟಿದ್ದೆ. ಆ ತಿಂಗಳು ಮನೆಯಲ್ಲಿ ಹಾಲು ಅರ್ಧ ಸೇರಿಗೆ ಇಳಿಯಿತು. ಬೆಳಗ್ಗೆ ಕೌಂಟರಿಗೆ ಕೂರುವ ಮೊದಲು ನಮ್ಮ ಜೇಬಿನಲ್ಲಿ ಸ್ವಂತದ ದುಡ್ಡು ಎಷ್ಟಿದೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕಿತ್ತು. ನಮ್ಮ ಹಿರಿಯ ಕ್ಯಾಷಿಯರ್ ಒಬ್ಬರು ಷರ್ಟಿಗೆ ಜೇಬನ್ನೇ ಇಡಿಸುತ್ತಿರಲಿಲ್ಲ. “ಜೇಬಿಲ್ಲದಿದ್ದರೆ ಅನುಮಾನಕ್ಕೂ ಜಾಗ ಇಲ್ಲಪ್ಪ” ಎನ್ನುತ್ತಿದ್ದರು.

ಕನ್ನಡ ಸಾಹಿತ್ಯದಲ್ಲಿ ಚೀಲವನ್ನೇ ಹೆಸರಿನಲ್ಲಿ ಹೊತ್ತ ಒಬ್ಬ ಕವಯಿತ್ರಿಯೂ ಇದ್ದಾಳೆ: ಸಂಚಿ ಹೊನ್ನಮ್ಮ. ಸಂಚಿ ಎಂದರೆ ಎಲೆ ಅಡಿಕೆಯ ಚೀಲ. 17ನೇ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು. ‘ಹದಿಬದೆಯ ಧರ್ಮ’ ಬರೆದು ಹೆಸರಾದಳು. ಹೆಣ್ಣೆಂದು ಹೀಗಳೆಯುವವರನ್ನು ಆ ಕೃತಿಯಲ್ಲೇ ಪ್ರಶ್ನಿಸಿದಳು. ಸಂಚಿ ರಾಣಿಯದು, ಹಿಡಿದ ಕೈ ಹೊನ್ನಮ್ಮನದು. ಚೀಲ ಹಿಡಿದವರಿಗೆಲ್ಲ ಅದರೊಳಗಿನದು ಸೇರುವುದಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇಂದು ಪಾಕೆಟ್ ನಮ್ಮ ಊರಿನ ಎಲ್ಲೆಲ್ಲಿಯೂ ಇದೆ. ಕ್ಯಾರಂ ಬೋರ್ಡಿನ ನಾಲ್ಕು ಮೂಲೆಯಲ್ಲಿದೆ. ನಿಘಂಟು ಚಿಕ್ಕದಾದರೆ ಪಾಕೆಟ್ ಡಿಕ್ಷನರಿ. ವಿಮಾನ ದಡಕ್ಕನೆ ಇಳಿದರೆ ‘ಏರ್ ಪಾಕೆಟ್’ ಎನ್ನುತ್ತಾರೆ. ಆಕಾಶದಲ್ಲಿ ಗುಂಡಿ ಇರುವುದಿಲ್ಲ, ಕೆಳಮುಖವಾಗಿ ಬೀಸುವ ಗಾಳಿ ವಿಮಾನವನ್ನು ತಗ್ಗಿಸುತ್ತದೆ ಅಷ್ಟೆ. ಬೆಳಗ್ಗೆ ಅಂಗಡಿಗೆ ಹೋಗಿ “ಎರಡು ಪಾಕೆಟ್ ಹಾಲು ಕೊಡಿ” ಎನ್ನುತ್ತೇವೆ. ಅದು ನಿಜಕ್ಕೂ ಪ್ಯಾಕೆಟ್, ಅಂದರೆ ಪೊಟ್ಟಣ. ಆದರೆ ನಮ್ಮ ನಾಲಿಗೆಗೆ ಎರಡೂ ಒಂದೇ ಆಗಿಬಿಟ್ಟಿವೆ.

ನಾಲಿಗೆ ಮಾಡಿದ ಈ ತಪ್ಪಿನಲ್ಲಿ ಒಂದು ಕಹಿ ನಿಜ ಅಡಗಿದೆ. ಹಿಂದೆ ‘ಪಾಕೆಟ್’ ಎಂದರೆ ನಮ್ಮ ಹಳ್ಳಿಗಳಲ್ಲಿ ಸಾರಾಯಿ ಪಾಕೆಟ್ಟೇ. ಸಂಬಳದ ದಿನ ಒಂದು ಪಾಕೆಟ್ ಇನ್ನೊಂದು ಪಾಕೆಟನ್ನು ಖಾಲಿ ಮಾಡುತ್ತಿತ್ತು. ಬಟವಾಡೆಯ ದಿನ ಗಂಡ ಮನೆ ಸೇರುವ ಮೊದಲೇ ಬ್ಯಾಂಕಿನ ಬಾಗಿಲಲ್ಲಿ ಬಂದು ಕಾಯುತ್ತಿದ್ದ ಹೆಂಗಸರನ್ನು ನಾನು ಕೌಂಟರಿನಿಂದ ನೋಡಿದ್ದೇನೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆ ಪಾಕೆಟ್ ಹೋಯಿತು. ತೂತು ಬಿದ್ದ ಜೇಬುಗಳು ಹೋಗಲಿಲ್ಲ. ಈಗಿನ ತೂತು ಮೊಬೈಲಿನಲ್ಲಿದೆ. ಹಳೆಯ ಜೇಬುಗಳ್ಳ ನಮಗೆ ಗೊತ್ತಾಗದಂತೆ ಕೈ ಹಾಕುತ್ತಿದ್ದ. ಹೊಸಬ ಫೋನಿನಲ್ಲಿ ಮರ್ಯಾದೆಯಿಂದ ಮಾತಾಡಿ, ನಮ್ಮ ಕೈಯಲ್ಲೇ ಓಟಿಪಿ ಹೇಳಿಸಿ, ನಮ್ಮ ಜೇಬಿನಿಂದ ನಾವೇ ತೆಗೆದುಕೊಡುವಂತೆ ಮಾಡುತ್ತಾನೆ. ಹಾಗೇನಾದರೂ ಆದರೆ ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಇದು ತಳವಿಲ್ಲದ ಜೇಬಿನ ಕಥೆ. ನನ್ನ ಮೊಮ್ಮಗಳದು ಇದಕ್ಕೆ ತದ್ವಿರುದ್ಧ. ಅವಳದು ಬಾಯಿ ಹೊಲಿದ ಜೇಬು.

ಜೀನ್ಸ್ ಪ್ಯಾಂಟಿನ ಕಥೆಯೇ ಜೇಬಿನಿಂದ ಶುರುವಾದದ್ದು ಎಂದರೆ ನೀವು ನಂಬುತ್ತೀರಾ? ಅಮೆರಿಕದ ನೆವಾಡದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ಕೂಲಿಯವರ ಪ್ಯಾಂಟು ಮೊದಲು ಹರಿಯುತ್ತಿದ್ದುದೇ ಜೇಬಿನ ಮೂಲೆಯಲ್ಲಿ. ಸಲಕರಣೆ ತುಂಬಿಕೊಂಡು ಎದ್ದು ಕೂತು ಮಾಡಿದರೆ ಹೊಲಿಗೆ ಕಿತ್ತು ಬರುತ್ತಿತ್ತು. ಡೇವಿಸ್ ಆ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ. ತನಗೆ ಬಟ್ಟೆ ಮಾರುತ್ತಿದ್ದ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದ. ದುಡಿಯುವವರ ಜೇಬು ಹರಿಯಬಾರದು ಎಂದು ಬಂದ ರಿವೆಟ್ ಅದು. ಇವತ್ತು ನನ್ನ ಮೊಮ್ಮಗಳ ಪ್ಯಾಂಟಿನಲ್ಲಿ ರಿವೆಟ್ ಉಳಿದಿದೆ, ಅದು ಕಾಯಬೇಕಾದ ಜೇಬೇ ಇಲ್ಲ! ನಿಜವಾದ ಜೇಬಿದ್ದರೂ ಹೆಣ್ಣುಮಕ್ಕಳದು ಗಿಡ್ಡ. 2018ರಲ್ಲಿ ಅಮೆರಿಕದ ಒಂದು ತಂಡ 20 ಬ್ರಾಂಡ್‌ಗಳ ಜೀನ್ಸ್ ಅಳೆದು ನೋಡಿತು. ಗಂಡಸರ ಮುಂದಿನ ಜೇಬಿಗಿಂತ ಹೆಂಗಸರದು ಸರಾಸರಿ ಶೇ 48ರಷ್ಟು ಗಿಡ್ಡ ಇತ್ತು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದಾಗ ಬಾಗಿಲಲ್ಲಿ ನಿಂತು ನಕ್ಕವರು ನಮ್ಮ ಮೇಲಿನ ಮನೆಯ ಬಾಡಿಗೆಯ ಹೆಣ್ಣುಮಗಳು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಾರ್ಮೆಂಟ್ಸ್ ಟೈಲರ್ ಎಂದರೆ ಪೂರ್ತಿ ಪ್ಯಾಂಟು ಹೊಲಿಯುವವರಲ್ಲ. ಲೈನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಒಬ್ಬರು ಜಿಪ್, ಒಬ್ಬರು ಸೊಂಟಪಟ್ಟಿ. ಇವರದು ಹಿಂದಿನ ಜೇಬು ಕೂರಿಸುವುದು. ಗಂಟೆಗಿಷ್ಟು ಪೀಸು ಎಂದು ಟಾರ್ಗೆಟ್. ಬೆಳಗಿನಿಂದ ಸಂಜೆಯವರೆಗೆ ಜೇಬು, ಜೇಬು, ಜೇಬು. ಅವರು ಕೂರಿಸಿದ ಜೇಬುಗಳು ಹಡಗು ಹತ್ತಿ ಯಾವ ಯಾವ ದೇಶಕ್ಕೋ ಹೋಗುತ್ತವೆ.

ಅವರ ಬಾಯಿಂದಲೇ ನಾನು ಹತ್ತು ವರ್ಷದ ಕೆಳಗೆ ಒಂದು ಪಾಠ ಕಲಿತಿದ್ದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಪಿಎಫ್ ಎಂದರೆ ನೌಕರರ ಮೂಲ ವೇತನ, ತುಟ್ಟಿಭತ್ಯೆಯಲ್ಲಿ ಶೇ 12 ಕಡಿತ. ಮಾಲೀಕರೂ ಅಷ್ಟೇ ಹಾಕಬೇಕು. ಮಾಲೀಕರ ಪಾಲಿನಲ್ಲಿ ಶೇ 8.33 ಪಿಂಚಣಿಗೆ ಹೋಗುತ್ತದೆ, ಉಳಿದದ್ದು ಪಿಎಫ್‌ಗೆ. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದಿತು ಹೊಸ ನಿಯಮ. ಈಕೆ ಬಂದು ನನ್ನನ್ನು ಕೇಳಿದರು. ನಾನು ಬಿಕಾಂ ಓದಿದವನು, ಬ್ಯಾಂಕಿನವನು. ಕಾಲು ಮೇಲೆ ಕಾಲು ಹಾಕಿ, “ಒಳ್ಳೆಯದೇ ಅಲ್ಲವೇನಮ್ಮ? ವಯಸ್ಸಾದ ಮೇಲೆ ಕೈಯಲ್ಲಿ ನಾಲ್ಕು ಕಾಸಿರುತ್ತೆ” ಎಂದೆ.

ಆಕೆ ಕೇಳಿದ್ದು ಒಂದೇ ಪ್ರಶ್ನೆ. “ಐವತ್ತೆಂಟರ ಗಂಟ ಯಾವ ಗಾರ್ಮೆಂಟ್ಸ್‌ನೋರು ನಮ್ಮನ್ನ ಇಟ್ಕೊಂತಾರೆ ಸಾರ್?”

ನನ್ನ ಬಳಿ ಉತ್ತರ ಇರಲಿಲ್ಲ. ಮದುವೆಯೋ ಬಾಣಂತನವೋ ಕೆಲಸ ಬಿಡಿಸುತ್ತದೆ. ಕಣ್ಣು ಮಂಜಾಗುತ್ತದೆ, ಸೊಂಟ ಹಿಡಿಯುತ್ತದೆ. ಬಿಟ್ಟಾಗ ಸಿಗುವ ಪಿಎಫ್ ಒಂದೇ ಅವರ ದೊಡ್ಡ ಗಂಟು. ಮಕ್ಕಳ ಫೀಸು, ಮನೆಯ ಭೋಗ್ಯ, ಬಡ್ಡಿ ಸಾಲ ಎಲ್ಲಕ್ಕೂ ಅದೇ.

ಆ ವರ್ಷ ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಂಗಸರು ಮಿಷನ್ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಮರುದಿನ ಅದು ನಮ್ಮ ತುಮಕೂರು ರಸ್ತೆಗೂ ಬಂತು; ಪೀಣ್ಯ, ಜಾಲಹಳ್ಳಿ ಕ್ರಾಸ್ ಎಲ್ಲ ಹೆಂಗಸರೇ. ದೊಡ್ಡ ನಾಯಕರ ಕರೆ ಇರಲಿಲ್ಲ. ಬಸ್ಸಿಗೆ ಬೆಂಕಿ ಹಚ್ಚಿದವರೂ ಇದ್ದರು, ಅದು ತಪ್ಪು. ಪೊಲೀಸರ ಲಾಠಿ ಏಟು ತಿಂದ ಹೆಂಗಸರೂ ಇದ್ದರು. ಈಕೆ ಬಸ್ಸಿಲ್ಲದೆ ರಾತ್ರಿ ಮಾದನಾಯಕನಹಳ್ಳಿವರೆಗೆ ನಡೆದೇ ಬಂದರು. ಕಾಲು ಬಾತುಕೊಂಡಿತ್ತು. ನನ್ನ ಮನೆಯಾಕೆ ಬಿಸಿನೀರು ಕಾಯಿಸಿಕೊಟ್ಟಳು. ಅಷ್ಟು ಹೊತ್ತಿಗೆ ಟಿವಿಯಲ್ಲಿ ಸುದ್ದಿ ಬಂದಿತ್ತು: ಸರ್ಕಾರ ಹೊಸ ನಿಯಮವನ್ನು ವಾಪಸ್ ಪಡೆದಿದೆ. ದಿನವಿಡೀ ಬೇರೆಯವರಿಗೆ ಜೇಬು ಹೊಲಿಯುವ ಹೆಂಗಸರು ತಮ್ಮ ಜೇಬಿನ ಬಾಯಿಗೆ ಬಿದ್ದ ಹೊಲಿಗೆಯನ್ನು ಎರಡೇ ದಿನದಲ್ಲಿ ಬಿಚ್ಚಿದ್ದರು.

ಅದೇ ವರ್ಷ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಆ ವಾರ ನಮ್ಮ ಬೀದಿಯ ಎಷ್ಟು ಹೆಂಗಸರು ನನ್ನ ಹತ್ತಿರ ಗುಟ್ಟಾಗಿ ಬಂದರು ಗೊತ್ತೇ? ಸಾಸಿವೆ ಡಬ್ಬಿ, ದಿಂಬಿನ ಕವರು, ದೇವರ ಪಟದ ಹಿಂದೆ ಕೂಡಿಟ್ಟ ನೋಟುಗಳು. “ಮನೇಲಿ ಗೊತ್ತಾಗಬಾರದು ಸಾರ್.” ಕೆಲವರಿಗೆ ಖಾತೆಯೇ ಇರಲಿಲ್ಲ. ಇನ್ನು ಕೆಲವರಿಗೆ ಇತ್ತು, ಎಟಿಎಂ ಕಾರ್ಡು ಮಾತ್ರ ಗಂಡನ ಜೇಬಿನಲ್ಲಿ! ಸಂಚಿ ಒಬ್ಬರದು, ಕೈ ಇನ್ನೊಬ್ಬರದು ಎಂದೆನಲ್ಲ, ಇದೇ ಅದು. ಫಾರಂ ತುಂಬಿಕೊಟ್ಟು ಅವರ ಜೊತೆ ಸಾಲಿನಲ್ಲಿ ನಿಂತೆ. ಪಾಸ್‌ಬುಕ್ ಮೇಲೆ ತಮ್ಮ ಹೆಸರನ್ನು ಬೆರಳಿಟ್ಟು ಓದಿಕೊಂಡ ಒಬ್ಬರ ಮುಖ ಇನ್ನೂ ಮರೆತಿಲ್ಲ. ಪಿನ್ ನಂಬರನ್ನು ಯಾರಿಗೂ ಹೇಳಬೇಡಿ ಎಂದೆ. “ಮನೆಯೋರಿಗೂ?” ಎಂದರು. “ಮನೆಯೋರಿಗೂ” ಎಂದೆ.

ಜೇಬಿಗೆ ಎರಡೇ ಗುಣ ಇರಬೇಕು. ಹಾಕಿದ್ದು ಉದುರದಂತೆ ತಳ ಗಟ್ಟಿ ಇರಬೇಕು. ಬೇಕಾದಾಗ ಸ್ವಂತದ ಕೈ ಹೋಗುವಷ್ಟು ಬಾಯಿ ತೆರೆದಿರಬೇಕು. ಉಳಿತಾಯ ಮಾಡಿ ಎಂದು 36 ವರ್ಷ ಜನರಿಗೆ ಹೇಳಿದ ನಾನು ಬರೀ ತಳದ ಬಗ್ಗೆ ಮಾತಾಡುತ್ತಿದ್ದೆ. ಬಾಯಿಯ ಬಗ್ಗೆ ಹೇಳಿಕೊಟ್ಟದ್ದು ಜೇಬು ಹೊಲಿಯುವ ಈ ಹೆಣ್ಣುಮಗಳು.

ಭಾನುವಾರದ ಕಥೆ ಮುಗಿಸಿಬಿಡುತ್ತೇನೆ. ಆಕೆ ಮೊಮ್ಮಗಳ ಪ್ಯಾಂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದೇನ್ ಮಹಾ, ತಾ ಪುಟ್ಟಿ” ಎಂದರು. ಬ್ಲೇಡಿನಿಂದ ಸುಳ್ಳು ಜೇಬಿನ ಹೊಲಿಗೆ ಬಿಚ್ಚಿದರು. ನನ್ನ ಹಳೆಯ ಖಾದಿ ಪಂಚೆಯ ತುಂಡು ಕೇಳಿದರು. “ಒಳಗಡೆ ಗಟ್ಟಿ ಬಟ್ಟೆನೇ ಆಗಬೇಕು ಸಾರ್, ಇಲ್ಲಾಂದ್ರೆ ತಳ ನಿಲ್ಲಲ್ಲ.” ಇಪ್ಪತ್ತು ನಿಮಿಷದಲ್ಲಿ ಎರಡು ನಿಜವಾದ ಜೇಬು ಸಿದ್ಧವಾದವು. ಮೊಮ್ಮಗಳು ಮೊಣಕೈವರೆಗೆ ಕೈ ಇಳಿಸಿ ನೋಡಿದಳು. ಆಮೇಲೆ ಕೇಳಿದಳು: “ಆಂಟಿ, ನಿಮ್ಮ ಚೂಡಿದಾರಕ್ಕೆ ಜೇಬಿದೆಯಾ?”

ಆಕೆ ಒಂದು ಗಳಿಗೆ ಸುಮ್ಮನಾಗಿ ನಕ್ಕುಬಿಟ್ಟರು. “ಇಲ್ಲ ಕಣೇ. ದಿನಾ ಅಷ್ಟೊಂದು ಜೇಬು ಹಾಕ್ತೀನಿ, ನನಗೊಂದು ಹಾಕ್ಕೊಳ್ಳೋದು ಹೊಳೆದೇ ಇಲ್ಲ.”

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿ ಅಪ್ಪ, ಅಣ್ಣನ ಬಟ್ಟೆಯಲ್ಲಿ ಎಷ್ಟು ಜೇಬಿವೆ, ಅಮ್ಮ, ಅಜ್ಜಿ, ಅಕ್ಕನ ಬಟ್ಟೆಯಲ್ಲಿ ಎಷ್ಟಿವೆ ಎಣಿಸಿ. ಕೈ ಹಾಕಿ ನೋಡಿ ಎಣಿಸಬೇಕು, ಸುಳ್ಳು ಜೇಬು ಲೆಕ್ಕಕ್ಕಿಲ್ಲ. ಎಣಿಕೆಯನ್ನು ಬರೆದು ಕಳಿಸಿ.

ನಮ್ಮ ಮನೆಯ ಲೆಕ್ಕ ಬುಧವಾರ ಒಂದು ಹೆಚ್ಚಾಯಿತು. ಮೇಲಿನ ಮನೆಯಾಕೆ ಕೆಲಸಕ್ಕೆ ಹೊರಟವರು ಮೆಟ್ಟಿಲ ಬಳಿ ನಿಂತು, ಚೂಡಿದಾರದ ಬದಿಯಿಂದ ಬಸ್ಸಿನ ಚಿಲ್ಲರೆಯನ್ನೂ ಆಧಾರ್ ಕಾರ್ಡನ್ನೂ ತೆಗೆದು ಮೊಮ್ಮಗಳಿಗೆ ತೋರಿಸಿ ಹೋದರು.